ಪರದೆಯನ್ನು ಕಾಯ್ದ ಕತ್ತಲೆ

ಹಳೆಯ ಬಾವಿಗಳ ಕಟ್ಟೆಯನ್ನು ಗಮನವಿಟ್ಟು ನೋಡಿದವರಿಗೆ ಅದರ ಅಂಚಿನ ಕಲ್ಲಿನಲ್ಲಿ ಆಳವಾದ ಗೀರುಗಳು ಕಾಣಸಿಗುತ್ತವೆ. ಕಲ್ಲಿಗಿಂತ ಹಗ್ಗ ಮೆತ್ತನೆಯದು. ಆದರೂ ದಿನವೂ ಅದೇ ಜಾಗದಲ್ಲಿ ಹಾಯ್ದುಹೋದ ಹಗ್ಗ ಕಾಲಕ್ರಮದಲ್ಲಿ ಕಲ್ಲನ್ನು ಕೊರೆದಿರುತ್ತದೆ. ಅಷ್ಟೇ ಉಜ್ಜಾಟ ಕಟ್ಟೆಯ ಸುತ್ತಲೂ ಸಮನಾಗಿ ಹಂಚಿಹೋಗಿದ್ದರೆ ಆ ಸವೆತ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಸವೆತವು ಎದ್ದು ಕಾಣುವುದು ಅದು ಒಂದೇ ಕಡೆ ಆದಾಗ.

ಹಗ್ಗ ಕಲ್ಲನ್ನು ಕೊರೆಯುವುದನ್ನು ನಂಬಬಹುದು. ಬೆಳಕಿನಿಂದ ಬರೆದ ಚಿತ್ರ ತಾನು ಮೂಡಿದ ಪರದೆಯನ್ನೇ ಸವೆಸೀತೆಂದರೆ ನಂಬುವುದು ಕಷ್ಟ. ಆದರೆ ೧೯೮೦ರಲ್ಲಿ ಜಪಾನಿನಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ ‘ಪ್ಯಾಕ್-ಮ್ಯಾನ್’ ಎಂಬ ಆಟದ ಪೆಟ್ಟಿಗೆಗಳು ಇದಕ್ಕೆ ಸಾಕ್ಷಿ ನುಡಿಯುತ್ತವೆ. ಆ ಆಟದಲ್ಲಿ ಬೊಂಬೆಗಳು ಸದಾ ಓಡುತ್ತಿದ್ದರೂ ಅವು ಓಡುವ ಓಣಿಗಳ ಗೋಡೆಗಳು ಕದಲುವುದಿಲ್ಲ. ವರ್ಷಾನುಗಟ್ಟಲೆ ಬಿಡುವಿಲ್ಲದೆ ಉರಿದ ಅಂತಹ ಎಷ್ಟೋ ಪೆಟ್ಟಿಗೆಗಳಲ್ಲಿ, ವಿದ್ಯುತ್ತನ್ನು ತೆಗೆದ ಮೇಲೂ ಗಾಜಿನ ಮೇಲೆ ಓಣಿಗಳ ನಕ್ಷೆ ಮಸಕಾಗಿ ಕಾಣುತ್ತದೆ. ಅದೇ ಪೆಟ್ಟಿಗೆಯಲ್ಲಿ ಬೇರೊಂದು ಆಟವನ್ನು ಹೂಡಿದರೆ ಹಳೆಯ ಓಣಿಗಳು ಹೊಸ ಚಿತ್ರದ ಹಿಂದೆ ನೆರಳಿನಂತೆ ನಿಂತಿರುತ್ತವೆ.

ಗೃಹ ಕಂಪ್ಯೂಟರುಗಳು ಹುಟ್ಟಿದಾಗ ಈ ಅಪಾಯ ಮನೆಯ ನಡುಕೋಣೆಗೂ ಬಂದಿತು. ಅದನ್ನು ತಡೆಯುವುದಕ್ಕಾಗಿ ಹುಟ್ಟಿಕೊಂಡವು, ಪರದೆಯನ್ನು ಮಂಕುಗೊಳಿಸುವ ಅಥವಾ ನಂದಿಸುವ ಪುಟ್ಟ ಪ್ರೋಗ್ರಾಂಗಳು. ಗಾತ್ರದಲ್ಲಿ ಅವು ಅತ್ಯಲ್ಪ. ಆದರೆ ಅವು ಒಂದು ಕಠಿಣವಾದ ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು: ಪರದೆಯ ಎದುರಿಗೆ ಈಗ ಯಾರಾದರೂ ಇದ್ದಾರೆಯೇ? ಕಣ್ಣು ಕಿವಿಗಳೆರಡೂ ಇಲ್ಲದ ಯಂತ್ರವು ಇದನ್ನು ತಿಳಿಯುವುದಾದರೂ ಹೇಗೆ?

ಗಾಜಿನ ಒಳಗಿನ ಲೇಪ

ಮೊದಲು ಪರದೆಯ ರಚನೆಯನ್ನು ತಿಳಿದುಕೊಳ್ಳೋಣ. ಆ ಕಾಲದ ಟೆಲಿವಿಷನ್ನಿನ ಹೃದಯವೆಂದರೆ ಕ್ಯಾಥೋಡ್ ಕಿರಣ ನಳಿಗೆ. ಜರ್ಮನ್ ಭೌತವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನನು ೧೮೯೭ರಲ್ಲಿ ರೂಪಿಸಿದ ಉಪಕರಣವೇ ಇದರ ಮೂಲ. ಗಾಳಿಯನ್ನು ಹೊರಗೆಳೆದ ಗಾಜಿನ ಬುರುಡೆಯ ಕೊರಳಿನಲ್ಲಿ ಒಂದು ಲೋಹದ ತುಣುಕನ್ನು ಕಾಯಿಸಿದರೆ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಹತ್ತಾರು ಸಾವಿರ ವೋಲ್ಟುಗಳ ಸೆಳೆತಕ್ಕೆ ಸಿಕ್ಕಿದ ಅವು ತೆಳುವಾದ ಧಾರೆಯಾಗಿ ಮುಂದೆ ನುಗ್ಗಿ ಗಾಜಿನ ಮುಖವನ್ನು ಬಡಿಯುತ್ತವೆ. ಕಾಂತಶಕ್ತಿಯಿಂದ ಈ ಧಾರೆಯನ್ನು ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಬಾಗಿಸುತ್ತ ಸಾಲುಸಾಲಾಗಿ ಚಿತ್ರವನ್ನು ಬರೆಯಲಾಗುತ್ತದೆ. ಧಾರೆಯು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಅಮೆರಿಕದಲ್ಲಿ ಸೆಕೆಂಡಿಗೆ ಸುಮಾರು ೬೦ ಸಲ, ಯುರೋಪಿನ ಬಹುಭಾಗದಲ್ಲಿಯೂ ಭಾರತದಲ್ಲಿಯೂ ೫೦ ಸಲ ಸುತ್ತಿಬರುತ್ತಿತ್ತು.

ಗಾಜಿನ ಒಳಮೈಗೆ ಫಾಸ್ಫರ್ ಎಂಬ ಪುಡಿಯನ್ನು ಲೇಪಿಸಿರುತ್ತಾರೆ. ಹೆಸರನ್ನು ಕೇಳಿ ಇದನ್ನು ರಂಜಕವೆಂದು ಭಾವಿಸಬಾರದು. ಎಲೆಕ್ಟ್ರಾನು ಬಡಿದಾಗ ಬೆಳಗುವ ಪದಾರ್ಥಗಳಿಗೆಲ್ಲ ಇದು ಸಾಮಾನ್ಯ ಹೆಸರು. ಬಹುವಾಗಿ ಬಳಕೆಯಲ್ಲಿದ್ದುದು ಸತುವಿನ ಸಲ್ಫೈಡು. ಅದಕ್ಕೆ ಅತಿ ಸ್ವಲ್ಪ ಬೆಳ್ಳಿಯನ್ನು ಬೆರೆಸಿದರೆ ನೀಲಿ ಬೆಳಕು, ತಾಮ್ರವನ್ನು ಬೆರೆಸಿದರೆ ಹಸಿರು ಬೆಳಕು ದೊರೆಯುತ್ತದೆ. ಪೆಟ್ಟು ತಿಂದೇ ಬೆಳಗುವ ಈ ಲೇಪವು ಪೆಟ್ಟಿನಿಂದಲೇ ಹಾಳಾಗುತ್ತದೆ. ಒಂದೊಂದು ಎಲೆಕ್ಟ್ರಾನಿನ ಆಘಾತದಿಂದ ಆಗುವ ಹಾನಿ ಲೆಕ್ಕಕ್ಕೆ ಬಾರದು. ಆದರೆ ಒಂದೇ ಜಾಗದಲ್ಲಿ ಒಟ್ಟು ಎಷ್ಟು ವಿದ್ಯುತ್ತು ಸುರಿದಿದೆಯೋ ಅದಕ್ಕನುಗುಣವಾಗಿ ಆ ಜಾಗದ ಬೆಳಗುವ ಶಕ್ತಿ ಕುಗ್ಗುತ್ತ ಹೋಗುತ್ತದೆ. ಹೀಗೆ ಕುಗ್ಗಿದ ಲೇಪವು ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಟೆಲಿವಿಷನ್ನಿನಲ್ಲಿ ನಾಟಕವನ್ನೋ ಆಟವನ್ನೋ ನೋಡುವಾಗ ಚಿತ್ರವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪರದೆಯು ಎಲ್ಲೆಡೆಯೂ ಹೆಚ್ಚುಕಡಮೆ ಸಮನಾಗಿ ಮುಪ್ಪಾಗುತ್ತದೆ. ನೋಡುವವನಿಗೆ ಅದರ ಅರಿವೇ ಆಗದು. ಕಂಪ್ಯೂಟರಿನ ಚಿತ್ರವು ಹಾಗಲ್ಲ. ‘ರೆಡಿ’ ಎಂಬ ಮಾತು ಪರದೆಯ ಎಡಮೂಲೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಲೆಕ್ಕದ ಪಟ್ಟಿಯ ಗೆರೆಗಳು ದಿನವೂ ಅದೇ ಸ್ಥಳದಲ್ಲಿ ಮೂಡುತ್ತವೆ. ಬಾವಿಯ ಹಗ್ಗದ ನ್ಯಾಯವು ಇಲ್ಲಿಯೂ ನಡೆಯುತ್ತದೆ. ಇದರಿಂದ ಪಾರಾಗಲು ಮೂರೇ ಹಾದಿಗಳುಂಟು: ಬೆಳಕನ್ನು ತಗ್ಗಿಸುವುದು, ಬೆಳಕು ಬೀಳುವ ಸ್ಥಳವನ್ನು ಬದಲಿಸುವುದು, ಇಲ್ಲವೇ ಬೆಳಕನ್ನು ಪೂರ್ತಿಯಾಗಿ ನಂದಿಸುವುದು. ಮುಂದೆ ಬಂದ ಪ್ರೋಗ್ರಾಂಗಳೆಲ್ಲವೂ ಈ ಮೂರು ಹಾದಿಗಳಲ್ಲಿ ಒಂದನ್ನೋ ಎರಡನ್ನೋ ಹಿಡಿದವು.

ಕೋಶ ಸಂಖ್ಯೆ ೭೭

ಅಮೆರಿಕದ ಅಟಾರಿ ಸಂಸ್ಥೆಯು ೧೯೭೯ರಲ್ಲಿ ತನ್ನ ೪೦೦ ಮತ್ತು ೮೦೦ ಎಂಬ ಗೃಹ ಕಂಪ್ಯೂಟರುಗಳನ್ನು ಹೊರತಂದಿತು. ಇವನ್ನು ಮನೆಯಲ್ಲಿದ್ದ ಟೆಲಿವಿಷನ್ನಿಗೆ ಜೋಡಿಸಿ ಬಳಸಬೇಕಾಗಿತ್ತು. ಆ ಟೆಲಿವಿಷನ್ ಮನೆಮಂದಿಯೆಲ್ಲರ ಸೊತ್ತು. ಹಲವು ವೇಳೆ ಕಂಪ್ಯೂಟರಿನಷ್ಟೇ ಬೆಲೆಬಾಳುವ ವಸ್ತು. ಅತಿಥಿಯಾಗಿ ಬಂದ ಯಂತ್ರವು ಮನೆಯ ಪರದೆಯನ್ನು ಕೆಡಿಸಿದರೆ ಮರುದಿನವೇ ಅದಕ್ಕೆ ಹೊಸ್ತಿಲು ತೋರಿಸುವುದು ಸಹಜವಷ್ಟೆ. ಆದುದರಿಂದ ಪರದೆಯನ್ನು ಕಾಯುವ ಕೆಲಸವನ್ನು ಬಳಸುವವನಿಗೆ ಬಿಡದೆ, ಯಂತ್ರದೊಳಗೆ ಅಚ್ಚೊತ್ತಿದ ಕಾರ್ಯವ್ಯವಸ್ಥೆಯಲ್ಲಿಯೇ ಸೇರಿಸಲಾಯಿತು.

ಇದಕ್ಕೆ ಇಟ್ಟ ಹೆಸರು ‘ಅಟ್ರ್ಯಾಕ್ಟ್ ಮೋಡ್’, ಎಂದರೆ ಆಕರ್ಷಣೆಯ ಸ್ಥಿತಿ. ಆಟದ ಅಂಗಡಿಗಳಲ್ಲಿ ಯಾರೂ ಆಡದಿರುವಾಗ ಪೆಟ್ಟಿಗೆಯು ತಾನೇ ಆಡಿ ತೋರಿಸಿ ಗಿರಾಕಿಗಳನ್ನು ಸೆಳೆಯುವುದಕ್ಕೆ ಆ ಹೆಸರಿತ್ತು. ಮನೆಯಲ್ಲಿ ಸೆಳೆಯಬೇಕಾದ ಗಿರಾಕಿ ಯಾರೂ ಇಲ್ಲದಿದ್ದರೂ ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು.

ಇದು ಕೆಲಸಮಾಡುವ ಬಗೆ ಸ್ವಾರಸ್ಯವಾಗಿದೆ. ಟೆಲಿವಿಷನ್ನಿನ ಧಾರೆಯು ಒಂದು ಚಿತ್ರವನ್ನು ಮುಗಿಸಿ ಮತ್ತೆ ಮೇಲಕ್ಕೆ ಮರಳುವ ಕಿರು ವಿರಾಮದಲ್ಲಿ ಯಂತ್ರವು ತನ್ನ ಮನೆಗೆಲಸಗಳನ್ನು ಮಾಡಿಕೊಳ್ಳುತ್ತದೆ. ಅವುಗಳಲ್ಲಿ ಒಂದು, ಗಡಿಯಾರದ ಎಣಿಕೆಯನ್ನು ಒಂದರಷ್ಟು ಏರಿಸುವುದು. ಒಂದು ಸ್ಮೃತಿಕೋಶದಲ್ಲಿ ೦ಯಿಂದ ೨೫೫ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. ಆದುದರಿಂದ ೨೫೬ ಎಣಿಕೆಗಳಿಗೊಮ್ಮೆ ಗಡಿಯಾರದ ಮೊದಲ ಕೋಶ ಸೊನ್ನೆಗೆ ಮರಳಿ, ಎರಡನೆಯ ಕೋಶ ಒಂದರಷ್ಟು ಏರುತ್ತದೆ. ಅದೇ ಹೊತ್ತಿಗೆ ೭೭ನೆಯ ಸ್ಮೃತಿಕೋಶವೂ ಒಂದರಷ್ಟು ಏರುತ್ತದೆ. ಯಾರಾದರೂ ಒಂದು ಕೀಲಿಯನ್ನೊತ್ತಿದರೆ ೭೭ನೆಯ ಕೋಶ ಕೂಡಲೇ ಸೊನ್ನೆಯಾಗುತ್ತದೆ. ಯಾರೂ ಮುಟ್ಟದಿದ್ದರೆ ಅದು ಏರುತ್ತ ಏರುತ್ತ ೧೨೮ನ್ನು ತಲುಪುತ್ತದೆ. ಆಗ ಮನೆಯವರು ಎದ್ದುಹೋಗಿದ್ದಾರೆಂದು ಯಂತ್ರವು ತೀರ್ಮಾನಿಸುತ್ತದೆ.

ವಾಚಕರು ಲೆಕ್ಕ ಹಾಕಿ ನೋಡಬಹುದು. ಸೆಕೆಂಡಿಗೆ ೬೦ ಎಣಿಕೆಯಾದರೆ ೨೫೬ ಎಣಿಕೆಗಳಿಗೆ ಸುಮಾರು ೪.೨೭ ಸೆಕೆಂಡು. ಅದರ ೧೨೮ರಷ್ಟು ಎಂದರೆ ೫೪೬ ಸೆಕೆಂಡು, ಹತ್ತಿರ ಹತ್ತಿರ ೯ ನಿಮಿಷ. ಅದೇ ಯಂತ್ರದ ಯುರೋಪಿನ ಮಾದರಿಯಲ್ಲಿ ಸೆಕೆಂಡಿಗೆ ೫೦ ಎಣಿಕೆ ಮಾತ್ರ ನಡೆಯುವುದರಿಂದ ಅಲ್ಲಿ ಸುಮಾರು ೧೧ ನಿಮಿಷ ಹಿಡಿಯುತ್ತಿತ್ತು. ಕಾಲವನ್ನು ಟೆಲಿವಿಷನ್ನಿನ ತಾಳದಿಂದಲೇ ಅಳೆಯುತ್ತಿದ್ದುದರಿಂದ ಯಂತ್ರದ ತಾಳ್ಮೆಯೂ ದೇಶಕ್ಕೆ ತಕ್ಕಂತೆ ಬೇರೆಯಾಯಿತು!

ಎಣಿಕೆ ತುಂಬಿದ ಮೇಲೆ ಎರಡು ಕಾರ್ಯಗಳು ನಡೆಯುತ್ತವೆ. ಬಣ್ಣದ ಸಂಖ್ಯೆಗಳನ್ನು ಗಡಿಯಾರದ ಎರಡನೆಯ ಕೋಶದೊಡನೆ ಬೆರೆಸುವುದರಿಂದ ನಾಲ್ಕೈದು ಸೆಕೆಂಡುಗಳಿಗೊಮ್ಮೆ ಪರದೆಯ ಬಣ್ಣಗಳು ಬದಲಾಗುತ್ತವೆ. ಜೊತೆಗೆ, ಹೊಳಪನ್ನು ಸೂಚಿಸುವ ಬಿಟ್ಟುಗಳಲ್ಲಿ ಅತ್ಯಂತ ಹೆಚ್ಚಿನ ಬೆಲೆಯುಳ್ಳ ಒಂದನ್ನು ಅಳಿಸಿಹಾಕಲಾಗುತ್ತದೆ. ಹೊಳಪಿನ ಎಂಟು ಮೆಟ್ಟಿಲುಗಳಲ್ಲಿ ಮೇಲಿನ ನಾಲ್ಕು ಇದರಿಂದ ಇಲ್ಲವಾಗುತ್ತವೆ. ಎಷ್ಟೇ ಪ್ರಖರವಾದ ಅಕ್ಷರವಾದರೂ ಕೆಳಗಿನ ಅರ್ಧಕ್ಕೆ ಇಳಿಯಲೇಬೇಕು. ಮೇಲೆ ಹೇಳಿದ ಮೂರು ಹಾದಿಗಳಲ್ಲಿ ಇದು ಮೊದಲಿನದು: ಬೆಳಕನ್ನು ತಗ್ಗಿಸುವುದು. ಜೊತೆಗೆ ಬಣ್ಣ ಬದಲಾದಂತೆ ಅಕ್ಷರಕ್ಕೂ ಹಿನ್ನೆಲೆಗೂ ಬೀಳುವ ಪೆಟ್ಟಿನ ಹಂಚಿಕೆಯೂ ಬದಲಾಗುವುದರಿಂದ ಎರಡನೆಯ ಹಾದಿಯ ಪ್ರಯೋಜನವೂ ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಬಡತನದ ಕತ್ತಲೆ

ಪರದೆ ಕಪ್ಪಾಗುವುದೆಲ್ಲವೂ ಅದರ ರಕ್ಷಣೆಗಾಗಿಯೇ ಎಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಕ್ಲೈವ್ ಸಿಂಕ್ಲೇರನ ಸಂಸ್ಥೆಯು ೧೯೮೦ರಲ್ಲಿ ಮಾರಾಟಕ್ಕಿಟ್ಟ ಝಡ್.ಎಕ್ಸ್. ೮೦ ಎಂಬ ಕಂಪ್ಯೂಟರು ಸಿದ್ಧರೂಪದಲ್ಲಿ ೧೦೦ ಪೌಂಡಿಗೂ ಕಡಮೆ ಬೆಲೆಗೆ ದೊರೆಯುತ್ತಿತ್ತು. ಇಷ್ಟು ಅಗ್ಗವಾಗಬೇಕಾದರೆ ಎಲ್ಲಿಯಾದರೂ ಕೈ ಬಿಗಿಹಿಡಿಯಲೇಬೇಕಷ್ಟೆ. ಅದರಲ್ಲಿ ಚಿತ್ರ ಬಿಡಿಸುವುದಕ್ಕೆಂದೇ ಬೇರೆ ಚಿಪ್ಪು ಇರಲಿಲ್ಲ. ಲೆಕ್ಕ ಮಾಡುವ ಚಿಪ್ಪೇ ಚಿತ್ರವನ್ನೂ ಬರೆಯಬೇಕು. ಒಲೆಯ ಮುಂದಿನ ಕೆಲಸವನ್ನೂ ಬಾಗಿಲಿಗೆ ಬಂದವರ ಉಪಚಾರವನ್ನೂ ಒಬ್ಬರೇ ನೋಡಿಕೊಳ್ಳಬೇಕಾದ ಮನೆಯಂತೆ, ಅದು ಲೆಕ್ಕಕ್ಕೆ ಕುಳಿತಾಗ ಚಿತ್ರವು ಮಾಯವಾಗುತ್ತಿತ್ತು. ಒಂದು ಕೀಲಿಯನ್ನೊತ್ತಿದರೂ ಪರದೆಯು ಒಮ್ಮೆ ಮಿಟುಕುತ್ತಿತ್ತು.

ಮರುವರ್ಷ ಬಂದ ಝಡ್.ಎಕ್ಸ್. ೮೧ರಲ್ಲಿ ಬಳಸುವವನಿಗೇ ಆಯ್ಕೆಯನ್ನು ಕೊಟ್ಟರು. ‘ಸ್ಲೋ’ ಎಂದು ಆಜ್ಞಾಪಿಸಿದರೆ ಚಿತ್ರವು ನಿಲ್ಲುತ್ತದೆ, ಆದರೆ ಲೆಕ್ಕದ ವೇಗವು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ‘ಫಾಸ್ಟ್’ ಎಂದರೆ ಲೆಕ್ಕವು ಪೂರ್ಣ ವೇಗದಿಂದ ಓಡುತ್ತದೆ, ಚಿತ್ರವು ಇಲ್ಲವಾಗುತ್ತದೆ. ನೋಡುವುದೂ ಬೇಕು, ಬೇಗನೆ ಮುಗಿಯಲೂ ಬೇಕು ಎಂಬುದು ಅಲ್ಲಿ ಸಲ್ಲದು.

೧೯೮೨ರಲ್ಲಿ ಬಂದು ಅಪಾರ ಜನಪ್ರಿಯತೆ ಗಳಿಸಿದ ಕೊಮೊಡೋರ್ ೬೪ರಲ್ಲಿ ಚಿತ್ರಕ್ಕೆಂದೇ ಬೇರೆ ಚಿಪ್ಪು ಇತ್ತು. ಆದರೂ ಅದು ಮುಖ್ಯ ಚಿಪ್ಪಿನೊಡನೆ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ, ಅಕ್ಷರಗಳ ಒಂದೊಂದು ಸಾಲಿಗೂ ಒಮ್ಮೆ ಮುಖ್ಯ ಚಿಪ್ಪನ್ನು ತಡೆದು ನಿಲ್ಲಿಸುತ್ತಿತ್ತು. ಚಿತ್ರವೊಂದಕ್ಕೆ ೨೫ ಸಾಲುಗಳು. ಸಾಲಿಗೆ ೪೦ ಅಥವಾ ಸ್ವಲ್ಪ ಹೆಚ್ಚು ತಾಳಗಳ ನಷ್ಟ. ಯುರೋಪಿನ ಮಾದರಿಯಲ್ಲಿ ಒಂದು ಚಿತ್ರದ ಅವಧಿ ೧೯,೬೫೬ ತಾಳಗಳಾದುದರಿಂದ ನೂರರಲ್ಲಿ ಐದು ಪಾಲಿನಷ್ಟು ವೇಳೆ ಹೀಗೆ ಕಳೆದುಹೋಗುತ್ತಿತ್ತು. ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದುವಾಗ ಕಾಲದ ಅಳತೆ ನಿಷ್ಕೃಷ್ಟವಾಗಿರಬೇಕು; ನಡುವೆ ಇಂತಹ ತಡೆಗಳು ಬರಕೂಡದು. ಆದುದರಿಂದ ಆ ಯಂತ್ರವು ಕ್ಯಾಸೆಟ್ಟನ್ನು ಓದುವಾಗ ಚಿತ್ರವನ್ನು ತಾನೇ ತೆಗೆದುಬಿಡುತ್ತಿತ್ತು.

ಹೀಗೆ ಬೇರೊಂದು ಉದ್ದೇಶಕ್ಕಾಗಿ ಇಟ್ಟಿದ್ದ ಕೀಲವು ಪರದೆಯ ರಕ್ಷಣೆಗೂ ಒದಗಿಬಂದಿತು. ಕೊಮೊಡೋರ್ ೬೪ರ ೫೩೨೬೫ನೆಯ ಕೋಶದಲ್ಲಿ ಸಾಮಾನ್ಯವಾಗಿ ೨೭ ಎಂಬ ಸಂಖ್ಯೆ ಇರುತ್ತದೆ. ಅದರಿಂದ ೧೬ನ್ನು ಕಳೆದು ೧೧ನ್ನು ಬರೆದರೆ ಅಕ್ಷರಗಳೆಲ್ಲವೂ ಮರೆಯಾಗುತ್ತವೆ. ಮತ್ತೆ ೨೭ನ್ನು ಬರೆದರೆ ಇದ್ದುದೆಲ್ಲವೂ ಇದ್ದಂತೆಯೇ ಮರಳಿ ಬರುತ್ತದೆ. ಆದರೆ ಹಾಗೆ ಮರೆಯಾದಾಗ ಪರದೆಯು ಕಪ್ಪಾಗುವುದಿಲ್ಲ. ಅಂಚಿನ ಬಣ್ಣವು ಪರದೆಯನ್ನೆಲ್ಲ ವ್ಯಾಪಿಸುತ್ತದೆ. ಯಂತ್ರವನ್ನು ಹೊತ್ತಿಸಿದಾಗ ಆ ಬಣ್ಣವು ತಿಳಿನೀಲಿ. ನಿಜವಾದ ಕತ್ತಲೆ ಬೇಕೆನ್ನುವವನು ಅಂಚಿನ ಬಣ್ಣವನ್ನೂ ಕಪ್ಪಾಗಿಸಬೇಕಾಗಿತ್ತು.

ಇನ್ನು ಕೀಲಿಮಣೆಯ ಮೌನವನ್ನು ಎಣಿಸುವ ಕೆಲಸ. ಈ ಯಂತ್ರವು ಸೆಕೆಂಡಿಗೆ ೬೦ ಸಲ ಮಾಡುತ್ತಿರುವ ಕೆಲಸವನ್ನು ನಿಲ್ಲಿಸಿ ಕೀಲಿಮಣೆಯತ್ತ ಹಣಕಿ ನೋಡುತ್ತದೆ. ಆಗ ಯಾವ ಕೀಲಿಯನ್ನೂ ಒತ್ತಿರದಿದ್ದರೆ ೧೯೭ನೆಯ ಕೋಶದಲ್ಲಿ ೬೪ ಎಂಬ ಗುರುತು ಬೀಳುತ್ತದೆ. ಪ್ರೋಗ್ರಾಂ ಬರೆಯುವವನು ಆ ಹಾದಿಯ ನಡುವೆ ತನ್ನ ಸೂಚನೆಗಳನ್ನು ಸೇರಿಸಿ, ೬೪ ಕಂಡಾಗಲೆಲ್ಲ ಒಂದನ್ನು ಕೂಡುತ್ತ, ಬೇರೆ ಸಂಖ್ಯೆ ಕಂಡೊಡನೆ ಎಣಿಕೆಯನ್ನು ಸೊನ್ನೆಗೆ ಇಳಿಸಿದರೆ ಸಾಕು. ಮೂರು ನಿಮಿಷ ಕಾಯಬೇಕಾದರೆ ೧೦,೮೦೦ ಎಣಿಕೆ. ಒಂದು ಕೋಶಕ್ಕೆ ಇದು ಹಿಡಿಸದು. ಎರಡು ಕೋಶಗಳು ಬೇಕು. ಇಷ್ಟೇ ಇದರ ರಹಸ್ಯ.

ಮೂರು ನಿಮಿಷದ ಪ್ರೋಗ್ರಾಂ

ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರು ೧೯೮೧ರಲ್ಲಿ ಬಂದಿತು. ಅದರೊಡನೆ ಮಾರುತ್ತಿದ್ದ ೫೧೫೧ ಎಂಬ ಹಸಿರು ಬೆಳಕಿನ ಮಾನಿಟರಿನಲ್ಲಿ ಬೆಳಕನ್ನು ಕೊಂಚ ಹೊತ್ತು ಹಿಡಿದಿಟ್ಟುಕೊಳ್ಳುವ ಬಗೆಯ ಫಾಸ್ಫರನ್ನು ಬಳಸಿದ್ದರು. ಅದರಿಂದ ಚಿತ್ರವು ಮಿನುಗದೆ ಸ್ಥಿರವಾಗಿ ನಿಲ್ಲುತ್ತಿತ್ತು, ಕಣ್ಣಿಗೆ ಹಿತವಾಗಿತ್ತು. ಆದರೆ ಈ ಪರದೆಯು ಅಚ್ಚು ಬೀಳುವುದಕ್ಕೂ ಹೆಸರಾಯಿತು. ದಿನವಿಡೀ ಒಂದೇ ಪ್ರೋಗ್ರಾಮನ್ನು ನಡೆಸುತ್ತಿದ್ದ ಯಂತ್ರಗಳಲ್ಲಿ ಆ ಪ್ರೋಗ್ರಾಮಿನ ತಲೆಬರಹವೂ ಚೌಕಟ್ಟುಗಳೂ ಕಾಲಾಂತರದಲ್ಲಿ ಗಾಜಿನಲ್ಲಿ ನೆಲೆಸಿಬಿಟ್ಟವು.

ಜಾನ್ ಸೋಚಾ ಎಂಬಾತನು ಇದಕ್ಕಾಗಿ ಬರೆದ ‘ಸ್ಕ್ರೀನ್‌ಸೇವ್’ ಎಂಬ ಪ್ರೋಗ್ರಾಂ ೧೯೮೩ರ ಡಿಸೆಂಬರಿನಲ್ಲಿ, ಈ ಕಂಪ್ಯೂಟರಿನ ಬಳಕೆದಾರರಿಗಾಗಿ ಹೊರಡುತ್ತಿದ್ದ ‘ಸಾಫ್ಟ್‌ಟಾಕ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ‘ನಾರ್ಟನ್ ಕಮ್ಯಾಂಡರ್’ ಎಂಬ ಹೆಸರಾಂತ ಪ್ರೋಗ್ರಾಮನ್ನು ರಚಿಸಿದವನೂ ಇವನೇ. ಸ್ಕ್ರೀನ್‌ಸೇವಿನ ಕೆಲಸ ಅತ್ಯಂತ ಸರಳ: ಮೂರು ನಿಮಿಷ ಯಾರೂ ಕೀಲಿಮಣೆಯನ್ನು ಮುಟ್ಟದಿದ್ದರೆ ಪರದೆಯನ್ನು ನಂದಿಸುವುದು. ಈ ಅವಧಿಯನ್ನು ಬದಲಿಸಬೇಕೆನ್ನುವವನು ಮೂಲ ಬರಹವನ್ನೇ ತಿದ್ದಿ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿತ್ತು.

ಆ ಕಂಪ್ಯೂಟರಿನ ಗಡಿಯಾರವು ಸೆಕೆಂಡಿಗೆ ಸುಮಾರು ೧೮.೨ ಸಲ ಮಿಡಿಯುತ್ತದೆ. ಮೂರು ನಿಮಿಷಕ್ಕೆ ಹತ್ತಿರ ಹತ್ತಿರ ೩,೨೭೬ ಮಿಡಿತಗಳು. ಇಂತಹ ಪ್ರೋಗ್ರಾಂಗಳು ಸ್ಮೃತಿಯ ಒಂದು ಮೂಲೆಯಲ್ಲಿ ತಂಗಿದ್ದು, ಒಂದು ಕೈಯಿಂದ ಗಡಿಯಾರದ ನಾಡಿಯನ್ನೂ ಇನ್ನೊಂದರಿಂದ ಕೀಲಿಮಣೆಯ ನಾಡಿಯನ್ನೂ ಹಿಡಿದಿರುತ್ತವೆ. ಬೇರೆ ಯಾವ ಕೆಲಸ ನಡೆಯುತ್ತಿದ್ದರೂ ಇವುಗಳ ಎಣಿಕೆ ನಿಲ್ಲುವುದಿಲ್ಲ. ವೇಳೆ ತುಂಬಿದಾಗ ಚಿತ್ರದ ಮಂಡಲಕ್ಕೆ ಒಂದು ಸೂಚನೆ ಹೋಗುತ್ತದೆ. ಅದರ ನಿಯಂತ್ರಣ ಕೋಶದಲ್ಲಿ ಒಂದೇ ಒಂದು ಬಿಟ್ಟು ಸೊನ್ನೆಯಾಗುತ್ತದೆ. ಪರದೆಗೆ ಬರೆದ ಅಕ್ಷರಗಳು ಸ್ಮೃತಿಯಲ್ಲಿ ಹಾಗೆಯೇ ಇರುತ್ತವೆ. ಅವನ್ನು ಗಾಜಿಗೆ ಸಾಗಿಸುವ ಬಾಗಿಲು ಮಾತ್ರ ಮುಚ್ಚುತ್ತದೆ. ನಳಿಗೆಯ ಕಾವು ಆರಿರುವುದಿಲ್ಲವಾದುದರಿಂದ ಬಾಗಿಲನ್ನು ತೆರೆದ ಕ್ಷಣವೇ ಚಿತ್ರವು ಮರಳುತ್ತದೆ.

ನೋಡುವವನು ಇದ್ದಾನೆಯೇ?

ಈಗ ಆರಂಭದ ಪ್ರಶ್ನೆಗೆ ಬರೋಣ. ಮೇಲಿನ ಯಂತ್ರಗಳಲ್ಲಿ ಯಾವುದೂ ಮನುಷ್ಯನನ್ನು ಕಾಣಲಿಲ್ಲ. ಕೈಯ ಮೌನವನ್ನೇ ಮನುಷ್ಯನ ಗೈರುಹಾಜರಿಯೆಂದು ಅವು ಬಗೆದವು. ಆದರೆ ಕೈ ಸುಮ್ಮನಿದ್ದ ಮಾತ್ರಕ್ಕೆ ಕಣ್ಣೂ ಸುಮ್ಮನಿರಬೇಕೆಂದಿಲ್ಲವಲ್ಲ! ಉದ್ದನೆಯ ಬರಹವನ್ನು ಓದುತ್ತಿರುವವನೂ ಲೆಕ್ಕದ ತಪ್ಪನ್ನು ಹುಡುಕುತ್ತ ಯೋಚನೆಯಲ್ಲಿ ಮುಳುಗಿರುವವನೂ ಕೀಲಿಗಳನ್ನು ಒತ್ತುವುದಿಲ್ಲ. ಅಟಾರಿಯಲ್ಲಂತೂ ಇದರ ವಿನೋದವಾದ ನಿದರ್ಶನವುಂಟು. ಅದು ಕೀಲಿಮಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಆಟವಾಡುವವರು ಹಿಡಿಯುವ ಜಾಯ್‌ಸ್ಟಿಕ್ ಅದರ ಗಣನೆಗೆ ಬರುತ್ತಿರಲಿಲ್ಲ. ಹುಡುಗನು ಮೈಮರೆತು ಆಡುತ್ತಿರುವಾಗಲೇ, ಯಾರೂ ಇಲ್ಲವೆಂದು ಬಗೆದ ಯಂತ್ರವು ಅವನ ಆಟದ ಬಣ್ಣಗಳನ್ನು ಕೆಡಿಸಿ ಮಂಕುಮಾಡುತ್ತಿತ್ತು.

ಆಟಗಳನ್ನು ಬರೆಯುವವರು ಇದಕ್ಕೆ ಸುಲಭವಾದ ಮದ್ದನ್ನು ಕಂಡುಕೊಂಡರು. ಪ್ರೋಗ್ರಾಮಿನ ನಡುನಡುವೆ ೭೭ನೆಯ ಕೋಶಕ್ಕೆ ಸೊನ್ನೆಯನ್ನು ಬರೆಯುತ್ತ ಹೋದರೆ ಎಣಿಕೆಯು ಎಂದಿಗೂ ತುಂಬುವುದಿಲ್ಲ. ಮದ್ದೇನೋ ಸರಿ, ಆದರೆ ಆಟಗಾರನು ಯಂತ್ರವನ್ನು ಹಾಗೆಯೇ ಬಿಟ್ಟು ಊಟಕ್ಕೆ ಎದ್ದುಹೋದರೂ ಪ್ರೋಗ್ರಾಂ ಸೊನ್ನೆಯನ್ನು ಬರೆಯುತ್ತಲೇ ಇರುತ್ತದೆ. ಆಗ ಕಾವಲುಗಾರನಿಗೆ ನಿದ್ದೆಯ ಮದ್ದು ಕುಡಿಸಿದಂತಾಯಿತು. ತಪ್ಪುಗಳಲ್ಲಿ ಎರಡು ಬಗೆ: ಇರುವವನನ್ನು ಇಲ್ಲವೆಂದು ತಿಳಿಯುವುದು ಒಂದು, ಇಲ್ಲದವನನ್ನು ಇದ್ದಾನೆಂದು ನಂಬುವುದು ಇನ್ನೊಂದು. ಅವಧಿಯನ್ನು ಕುಗ್ಗಿಸಿದರೆ ಮೊದಲನೆಯ ತಪ್ಪು ಹೆಚ್ಚುತ್ತದೆ, ಹಿಗ್ಗಿಸಿದರೆ ಎರಡನೆಯದು. ಸೋಚಾನ ಮೂರು ನಿಮಿಷವಾಗಲಿ ಅಟಾರಿಯ ಒಂಬತ್ತು ನಿಮಿಷವಾಗಲಿ ಈ ಎರಡರ ನಡುವೆ ಮಾಡಿಕೊಂಡ ರಾಜಿ.

ಮೊದಲನೆಯ ತಪ್ಪಿನಿಂದ ಆಗುವ ಹಾನಿ ಬರಿಯ ಕಿರಿಕಿರಿಯಲ್ಲ. ಪರದೆಯು ಇದ್ದಕ್ಕಿದ್ದಂತೆ ಕಪ್ಪಾದಾಗ, ಇಂತಹ ಪ್ರೋಗ್ರಾಂ ಇರುವುದನ್ನರಿಯದವನು ಯಂತ್ರವೇ ಕೆಟ್ಟಿತೆಂದು ತಿಳಿದು ಅದನ್ನು ಆರಿಸಿಬಿಡಬಹುದು. ವಿದ್ಯುತ್ತು ಹೋದೊಡನೆ ಸ್ಮೃತಿಯಲ್ಲಿದ್ದುದೆಲ್ಲವೂ ಅಳಿದುಹೋಗುತ್ತದೆ. ಕ್ಯಾಸೆಟ್ಟಿಗೋ ಡಿಸ್ಕಿಗೋ ಇಳಿಸದ ಕೆಲಸವು ಮತ್ತೆ ಸಿಕ್ಕದು. ಗಾಜನ್ನು ಉಳಿಸುವುದಕ್ಕೆಂದು ಹೋಗಿ ಕೆಲಸವನ್ನು ಕಳೆದುಕೊಂಡಂತಾಗುತ್ತದೆ. ಅಟಾರಿಯ ವಿಧಾನದಲ್ಲಿ ಒಂದು ವಿವೇಕ ಅಡಗಿತ್ತೆಂಬುದು ಇಲ್ಲಿ ತಿಳಿಯುತ್ತದೆ. ಅದು ಬೆಳಕನ್ನು ತಗ್ಗಿಸಿತೇ ಹೊರತು ನಂದಿಸಲಿಲ್ಲ. ಬಣ್ಣಗಳು ಬದಲಾಗುತ್ತಿರುವುದನ್ನು ಕಂಡವನಿಗೆ ಯಂತ್ರವು ಬದುಕಿದೆಯೆಂಬ ಭರವಸೆ ಇರುತ್ತಿತ್ತು.

ಎಚ್ಚರಗೊಳಿಸುವಾಗಲೂ ಒಂದು ತೊಡಕು ಉಂಟು. ಪರದೆಯನ್ನು ಮರಳಿ ಬೆಳಗಿಸಲು ಒತ್ತಿದ ಕೀಲಿಯು ಬರಹದೊಳಗೆ ಒಂದು ಅಕ್ಷರವಾಗಿ ಸೇರಿಕೊಳ್ಳಬಹುದು. ‘ಹೌದೇ, ಅಲ್ಲವೇ’ ಎಂದು ಕೇಳುತ್ತ ನಿಂತಿದ್ದ ಪ್ರೋಗ್ರಾಮಿಗೆ ಅದೇ ಉತ್ತರವೂ ಆಗಿಬಿಡಬಹುದು. ಚೆನ್ನಾಗಿ ಬರೆದ ಪ್ರೋಗ್ರಾಂಗಳು ಆ ಮೊದಲ ಕೀಲಿಯನ್ನು ತಾವೇ ನುಂಗಿಕೊಳ್ಳುತ್ತಿದ್ದವು. ಹಾಗಿಲ್ಲದ ಕಡೆ ಅನುಭವಸ್ಥರು ತಾನಾಗಿ ಯಾವ ಅಕ್ಷರವನ್ನೂ ಬರೆಯದ ಶಿಫ್ಟ್ ಕೀಲಿಯನ್ನು ಒತ್ತುವ ಅಭ್ಯಾಸ ಮಾಡಿಕೊಂಡರು.

ನಂದಿದ ಪರದೆ, ಉರಿಯುವ ವಿದ್ಯುತ್ತು

ಕಪ್ಪು ಪರದೆಯು ಜನರಿಗೆ ಬೇಸರ ತಂದಿತೋ ಏನೋ, ೧೯೮೦ರ ದಶಕದ ಕೊನೆಗೆ ಎರಡನೆಯ ಹಾದಿ ಮೆರೆಯತೊಡಗಿತು. ೧೯೮೯ರಲ್ಲಿ ಬರ್ಕ್‌ಲಿ ಸಿಸ್ಟಮ್ಸ್ ಎಂಬ ಸಂಸ್ಥೆಯು ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ‘ಆಫ್ಟರ್ ಡಾರ್ಕ್’ ಎಂಬ ಪ್ರೋಗ್ರಾಮನ್ನು ಹೊರತಂದಿತು. ಅದರಲ್ಲಿ ರೆಕ್ಕೆ ಕಟ್ಟಿಕೊಂಡ ರೊಟ್ಟಿ ಸುಡುವ ಟೋಸ್ಟರುಗಳು ಕತ್ತಲೆಯ ಆಕಾಶದಲ್ಲಿ ಹಾರಾಡುವ ನೋಟ ಬಹು ಪ್ರಸಿದ್ಧವಾಯಿತು. ಚಿತ್ರಗಳು ನಿಲ್ಲದೆ ಚಲಿಸುವುದರಿಂದ ಯಾವೊಂದು ಸ್ಥಳಕ್ಕೂ ಪೆಟ್ಟು ಹೆಚ್ಚಾಗಿ ಬೀಳದು. ಯಂತ್ರವು ಕೆಟ್ಟಿತೆಂಬ ಭ್ರಮೆಯೂ ಹುಟ್ಟದು. ಅಮಿಗಾ ಕಂಪ್ಯೂಟರಿನ ಎರಡನೆಯ ಆವೃತ್ತಿಯ ಕಾರ್ಯವ್ಯವಸ್ಥೆಯೊಡನೆ ೧೯೯೦ರಿಂದ ‘ಬ್ಲ್ಯಾಂಕರ್’ ಎಂಬುದೊಂದು ಬರತೊಡಗಿತು. ೧೯೯೨ರ ವಿಂಡೋಸ್ ೩.೧ರಲ್ಲಿಯೂ ಇಂತಹ ಚಿತ್ರಗಳು ಸೇರಿಕೊಂಡವು.

ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿತು. ಪರದೆಯನ್ನು ಕಾಯುವ ಪ್ರೋಗ್ರಾಂ ವಿದ್ಯುತ್ತನ್ನೂ ಉಳಿಸುತ್ತದೆಂದು ಅನೇಕರು ನಂಬಿದರು. ಚಲಿಸುವ ಚಿತ್ರಗಳು ಏನನ್ನೂ ಉಳಿಸುವುದಿಲ್ಲ. ಅವನ್ನು ಬಿಡಿಸಲು ಯಂತ್ರವು ಎಚ್ಚರವಾಗಿದ್ದು ದುಡಿಯಲೇಬೇಕು. ಪೂರ್ತಿಯಾಗಿ ನಂದಿಸಿದ ಪರದೆಯಲ್ಲಿಯೂ ನಳಿಗೆಯ ಕಾವು, ಸಾವಿರಾರು ವೋಲ್ಟುಗಳ ಒತ್ತಡ, ಧಾರೆಯನ್ನು ಬಾಗಿಸುವ ಸುರುಳಿಗಳ ಕೆಲಸ ಎಲ್ಲವೂ ನಡೆದೇ ಇರುತ್ತವೆ. ದೀಪಕ್ಕೆ ಮರೆ ಹಿಡಿದ ಮಾತ್ರಕ್ಕೆ ಎಣ್ಣೆ ಉಳಿಯುವುದೇ? ನಿಜವಾದ ಉಳಿತಾಯಕ್ಕೆ ಬೇರೆ ಏರ್ಪಾಡು ಬೇಕಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ೧೯೯೨ರಲ್ಲಿ ‘ಎನರ್ಜಿ ಸ್ಟಾರ್’ ಎಂಬ ಗುರುತನ್ನು ಆರಂಭಿಸಿತು. ೧೯೯೩ರಲ್ಲಿ ಒಂದು ಹೊಸ ಒಡಂಬಡಿಕೆ ರೂಪುಗೊಂಡಿತು. ಅದರಂತೆ ಕಂಪ್ಯೂಟರು ತನ್ನ ತಾಳದ ಸಂಜ್ಞೆಗಳನ್ನು ನಿಲ್ಲಿಸಿದರೆ ಮಾನಿಟರು ಹಂತಹಂತವಾಗಿ ತನ್ನ ಮಂಡಲಗಳನ್ನೇ ಆರಿಸಿಕೊಂಡು ನಿದ್ದೆಗೆ ಇಳಿಯಬಹುದಾಯಿತು.

ಮುಗಿಯದ ಕಾವಲು

ಇಂದು ಮನೆಗಳಲ್ಲಿ ಗಾಜಿನ ನಳಿಗೆಗಳು ಕಾಣಸಿಗುವುದು ವಿರಳ. ಅವುಗಳ ಸ್ಥಾನಕ್ಕೆ ಬಂದ ದ್ರವಸ್ಫಟಿಕದ ಪರದೆಗಳಲ್ಲಿ ಎಲೆಕ್ಟ್ರಾನು ಧಾರೆಯ ಪೆಟ್ಟಿಲ್ಲ. ಆದುದರಿಂದ ಹಳೆಯ ಕಾವಲು ಇನ್ನು ಬೇಡವೆಂದು ತೋರಬಹುದು. ಆದರೆ ಹಳೆಯ ಗೃಹ ಕಂಪ್ಯೂಟರುಗಳನ್ನು ಕೂಡಿಟ್ಟು, ಓಡಿಸಿ ತೋರಿಸುವ ವಸ್ತುಸಂಗ್ರಹಾಲಯಗಳೂ ಹವ್ಯಾಸಿಗಳೂ ಲೋಕದಲ್ಲಿ ಇದ್ದಾರೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಕಂಪ್ಯೂಟರ್ ಸಂಗ್ರಹಾಲಯವು ಅಂತಹುದೊಂದು. ಯಂತ್ರದ ಚಿಪ್ಪು ಕೆಟ್ಟರೆ ಬದಲಿ ಹುಡುಕಬಹುದು. ಪ್ರೋಗ್ರಾಂ ಅಳಿದರೆ ನಕಲು ಮಾಡಿಕೊಳ್ಳಬಹುದು. ದೊಡ್ಡ ತಯಾರಕರೆಲ್ಲರೂ ಕೈಬಿಟ್ಟಿರುವ ಚಿತ್ರನಳಿಗೆಯ ಲೇಪವನ್ನು ಹೊಸದಾಗಿ ತರುವುದೆಲ್ಲಿಂದ? ಮೂರು ನಿಮಿಷ ಎಣಿಸಿ ಬೆಳಕನ್ನು ನಂದಿಸುವ ಪುಟ್ಟ ಪ್ರೋಗ್ರಾಂ ತಾನು ಹುಟ್ಟಿದ ಕಾಲಕ್ಕಿಂತಲೂ ಇಂದು ಅವರಿಗೆ ಹೆಚ್ಚು ಬೆಲೆಯುಳ್ಳದ್ದು.

ಅಷ್ಟೇ ಅಲ್ಲ. ಈಗ ಅನೇಕ ಕೈಫೋನುಗಳಲ್ಲಿಯೂ ಟೆಲಿವಿಷನ್ನುಗಳಲ್ಲಿಯೂ ಇರುವ ಓ.ಎಲ್.ಇ.ಡಿ. ಪರದೆಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಸಾವಯವ ಪದಾರ್ಥ. ಅದೂ ಬೆಳಗಿದಷ್ಟೂ ಸವೆಯುತ್ತದೆ. ಸದಾ ಒಂದೇ ಮೂಲೆಯಲ್ಲಿ ನಿಲ್ಲುವ ಗಡಿಯಾರ, ವಾಹಿನಿಯ ಲಾಂಛನ ಮುಂತಾದವು ಅದರ ಮೇಲೂ ಅಚ್ಚು ಬೀಳುತ್ತವೆ. ಆದುದರಿಂದ ಬೆಳಕನ್ನು ತಗ್ಗಿಸುವುದು, ಚಿತ್ರವನ್ನು ಕೊಂಚ ಅತ್ತಿತ್ತ ಸರಿಸುವುದು, ಪೂರ್ತಿ ನಂದಿಸುವುದು ಎಂಬ ಅವೇ ಮೂರು ಹಾದಿಗಳು ಮತ್ತೆ ಬಳಕೆಗೆ ಬಂದಿವೆ.

ಬದಲಾಗಿರುವುದು ಪ್ರಶ್ನೆಗೆ ಉತ್ತರ ಹುಡುಕುವ ಬಗೆ. ೨೦೧೨ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ತನ್ನ ಗ್ಯಾಲಕ್ಸಿ ಎಸ್-೩ ಎಂಬ ಫೋನಿನಲ್ಲಿ, ಮುಂಭಾಗದ ಕ್ಯಾಮರಾದ ಮೂಲಕ ಬಳಸುವವನ ಕಣ್ಣುಗಳನ್ನು ಹುಡುಕಿ, ಅವು ಕಾಣುವವರೆಗೂ ಪರದೆಯನ್ನು ನಂದಿಸದಿರುವ ಏರ್ಪಾಡನ್ನು ಒದಗಿಸಿತು. ಕುರುಡಾಗಿದ್ದ ಕಾವಲುಗಾರನಿಗೆ ಕಣ್ಣು ಬಂದಂತಾಯಿತು. ಓದುತ್ತಿರುವವನ ಮುಂದಿನಿಂದ ದೀಪವನ್ನು ಕಿತ್ತುಕೊಳ್ಳುವ ತಪ್ಪು ಇದರಿಂದ ಕಡಮೆಯಾಗುವುದು ನಿಜ. ಆದರೆ ಕಣ್ಣುಳ್ಳ ಕಾವಲುಗಾರನು ಮನೆಯೊಳಗಿನ ಬೇರೆ ಸಂಗತಿಗಳನ್ನೂ ಕಾಣಬಲ್ಲನಷ್ಟೆ. ೭೭ನೆಯ ಕೋಶಕ್ಕೆ ತನ್ನ ಯಜಮಾನನ ವಿಷಯದಲ್ಲಿ ತಿಳಿದಿದ್ದುದು ಒಂದೇ ಒಂದು ಸಂಖ್ಯೆ: ಅವನ ಕೈ ಎಷ್ಟು ಹೊತ್ತಿನಿಂದ ಸುಮ್ಮನಿದೆ ಎಂಬುದು. ಆಗಾಗ ತಪ್ಪಿದರೂ ಅಷ್ಟರಿಂದಲೇ ಅದು ಪರದೆಯನ್ನು ಕಾಯಿತು. ಯಂತ್ರವೊಂದಕ್ಕೆ ನಮ್ಮ ವಿಷಯದಲ್ಲಿ ಎಷ್ಟು ತಿಳಿದರೆ ಸಾಕು ಎಂದು ಯೋಚಿಸುವವರು ಈ ಹಳೆಯ ಲೆಕ್ಕವನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.